ಗ್ರಂಥಕ್ಕೆ ಮುಂಚಿನ ಕಾಗದಗಳು

ಮುದ್ರಿತವಾದ ಶಾಸ್ತ್ರಗ್ರಂಥವು ಸಿದ್ಧಾಂತವನ್ನು ಓದುಗನ ಮುಂದೆ ತಂದಿರಿಸುತ್ತದೆಯೇ ಹೊರತು, ಆ ಸಿದ್ಧಾಂತವನ್ನು ಮುಟ್ಟುವುದಕ್ಕೆ ಮೊದಲು ಗ್ರಂಥಕರ್ತನು ಪಟ್ಟ ಸಂದೇಹಗಳನ್ನೂ, ತಿದ್ದಿಕೊಂಡ ತಪ್ಪುಗಳನ್ನೂ, ಅನ್ಯರಿಂದ ಪಡೆದ ಉಪಕಾರಗಳನ್ನೂ ಬಹುಮಟ್ಟಿಗೆ ಮರೆಯಲ್ಲಿಯೇ ಬಿಡುತ್ತದೆ. ಅವೆಲ್ಲ ಉಳಿಯುವುದು ಕಾಗದಪತ್ರಗಳಲ್ಲಿ. ವಿಕ್ಟೋರಿಯಾ ರಾಣಿಯ ಆಳಿಕೆಯ ಇಂಗ್ಲೆಂಡಿನಲ್ಲಿ ಪ್ರಕೃತಿವಿಜ್ಞಾನಿಗಳು ಗಿಡಮರಗಳನ್ನು ಕುರಿತು ಪರಸ್ಪರ ಬರೆದುಕೊಂಡ ಪತ್ರಗಳು ಇಂದು ನಮಗೆ ದೊರೆಯದೆ ಹೋಗಿದ್ದರೆ, ವಿಕಾಸವಾದವೆಂಬ ಆ ಶತಮಾನದ ಅತಿ ದೊಡ್ಡ ವಿಚಾರಕ್ರಾಂತಿಯ ಫಲವನ್ನು ನಾವು ಕಾಣುತ್ತಿದ್ದೆವು. ಅದು ಬೆಳೆದ ಬಗೆಯನ್ನು ಮಾತ್ರ ಎಂದೆಂದಿಗೂ ಅರಿಯುತ್ತಿರಲಿಲ್ಲ.

1840ರಲ್ಲಿ ಆ ದೇಶದಲ್ಲಿ ಒಂದು ಪೆನ್ನಿಯ ಅಂಚೆ ಪ್ರಾರಂಭವಾಯಿತು. ಅರ್ಧ ಔನ್ಸು ತೂಗುವ ಕಾಗದವನ್ನು ಬ್ರಿಟನ್ನಿನ ಯಾವ ಮೂಲೆಗಾದರೂ ಒಂದೇ ದರದಲ್ಲಿ ಕಳುಹಿಸಬಹುದಾಯಿತು. ಅದಾದ ಎರಡು ವರ್ಷಕ್ಕೆ ಚಾರ್ಲ್ಸ್ ಡಾರ್ವಿನ್ನನು ಲಂಡನ್ನನ್ನು ಬಿಟ್ಟು ಕೆಂಟ್ ಪ್ರಾಂತದ ಡೌನ್ ಎಂಬ ಹಳ್ಳಿಗೆ ಹೋಗಿ ನೆಲೆಸಿದನು. ದೇಹಾಲಸ್ಯದಿಂದ ಹೊರಗೆ ತಿರುಗಾಡುವುದೇ ದುಸ್ತರವಾಗಿದ್ದ ಆತನಿಗೆ ವಿದ್ವತ್ಸಭೆಯೂ ವಸ್ತುಸಂಗ್ರಹಾಲಯವೂ ಅಂಚೆಯ ಮೂಲಕವೇ ಮನೆಗೆ ಬರಬೇಕಾಗಿತ್ತು, ಹಾಗೆಯೇ ಬಂದವು. ದಕ್ಷಿಣ ಧ್ರುವದ ಕಡಲುಗಳನ್ನು ಸುತ್ತಿ 1843ರಲ್ಲಿ ಹಿಂದಿರುಗಿದ ಜೋಸೆಫ್ ಹೂಕರನೆಂಬ ತರುಣ ಸಸ್ಯಶಾಸ್ತ್ರಜ್ಞನೊಡನೆ ಆತನ ಪತ್ರವ್ಯವಹಾರ ಆ ವರ್ಷವೇ ಮೊದಲಾಗಿ, ಸುಮಾರು 1400 ಪತ್ರಗಳಾಗಿ ಬೆಳೆದು, ಡಾರ್ವಿನ್ನನ ಮರಣದವರೆಗೂ ನಡೆಯಿತು.

ಆ ಸ್ನೇಹದ ಆರಂಭದಲ್ಲಿಯೇ, 1844ರ ಜನವರಿಯಲ್ಲಿ, ಜೀವಜಾತಿಗಳು ಸ್ಥಿರವಾದವುಗಳಲ್ಲವೆಂದು ತನಗೆ ಬಹುಮಟ್ಟಿಗೆ ಮನದಟ್ಟಾಗಿದೆಯೆಂಬ ಮಾತನ್ನು, ಕೊಲೆಯ ಅಪರಾಧವನ್ನು ಒಪ್ಪಿಕೊಳ್ಳುವವನಂತೆ ಹಿಂಜರಿಯುತ್ತ, ಡಾರ್ವಿನ್ನನು ಹೂಕರನಿಗೆ ತಿಳಿಸಿದನು. ಹೂಕರನ ಉತ್ತರವನ್ನು ನಾನು ವಿದ್ವಜ್ಜನರ ನಡವಳಿಕೆಗೆ ಆದರ್ಶವೆಂದು ಎಣಿಸುತ್ತೇನೆ. ಆತನು ಬೆಚ್ಚಲಿಲ್ಲ, ಹೀಯಾಳಿಸಲಿಲ್ಲ, ದಾಕ್ಷಿಣ್ಯಕ್ಕಾಗಿ ತಲೆದೂಗಲೂ ಇಲ್ಲ. ಜಾತಿಗಳಲ್ಲಿ ಕ್ರಮಕ್ರಮವಾದ ಬದಲಾವಣೆ ಆಗಿರಬಹುದು, ಆದರೆ ಅದು ಹೇಗಾಯಿತೆಂಬುದಕ್ಕೆ ಈವರೆಗೆ ಯಾರೂ ಕೊಟ್ಟ ಕಾರಣ ನನಗೆ ತೃಪ್ತಿ ತಂದಿಲ್ಲ, ನಿಮ್ಮ ಅಭಿಪ್ರಾಯವನ್ನು ಕೇಳಲು ಸಂತೋಷಪಡುತ್ತೇನೆ ಎಂಬ ಅರ್ಥದಲ್ಲಿ ಬರೆದನು. ಮರುವರ್ಷ, ಬೇರೊಬ್ಬ ಲೇಖಕನನ್ನು ಕುರಿತು ಬರೆಯುವಾಗ, ಅನೇಕ ಜಾತಿಗಳನ್ನು ಕೂಲಂಕಷವಾಗಿ ವರ್ಣಿಸದವನಿಗೆ ಜಾತಿಯ ಪ್ರಶ್ನೆಯನ್ನು ಎತ್ತುವ ಅಧಿಕಾರವಿಲ್ಲವೆಂದು ಹೂಕರನು ಹೇಳಿದ ಮಾತು ಡಾರ್ವಿನ್ನನಿಗೆ ನಾಟಿತು. ಹಡಗಿನ ತಳಕ್ಕೂ ಕಡಲ ಬಂಡೆಗೂ ಅಂಟಿಕೊಂಡು ಬದುಕುವ ಬಾರ್ನಕಲ್ ಎಂಬ ಕ್ಷುದ್ರಜೀವಿಗಳನ್ನು 1846ರಿಂದ 1854ರವರೆಗೆ ಎಂಟು ವರ್ಷ ಕೊಯ್ದು ನೋಡಿ, ನಾಲ್ಕು ಸಂಪುಟಗಳಲ್ಲಿ ವರ್ಣಿಸಿದ ಮೇಲೆಯೇ ಆತನು ತನ್ನ ಮುಖ್ಯ ವಿಚಾರಕ್ಕೆ ಮರಳಿದನು. ತನಗಿಂತ ಎಂಟು ವರ್ಷ ಚಿಕ್ಕವನಾದ ಸ್ನೇಹಿತನ ಒಂದು ವಾಕ್ಯಕ್ಕೆ ಅಷ್ಟು ಬೆಲೆ ಕೊಡುವ ವಿನಯ ಇಂದು ನಮ್ಮ ವಿದ್ಯಾಶಾಲೆಗಳಲ್ಲಿ ಎಷ್ಟು ಕಡೆ ಇದೆ?

ಈ ಇಬ್ಬರ ನಡುವಿನ ವಿವಾದಗಳಲ್ಲಿ ನನಗೆ ಬಹು ಪ್ರಿಯವಾದದ್ದು ಬೀಜಗಳ ಪ್ರಸಂಗ. ದೂರದೂರದ ದ್ವೀಪಗಳಿಗೆ ಗಿಡಗಳು ಹೇಗೆ ಸೇರಿದವು? ಹಿಂದೊಮ್ಮೆ ಇದ್ದು ಕಡಲಿನಲ್ಲಿ ಮುಳುಗಿಹೋದ ಭೂಭಾಗಗಳ ಮೇಲೆ ಹಾದುಬಂದಿರಬೇಕೆಂಬ ಕಡೆಗೆ ಹೂಕರನ ಒಲವು. ನೀರೇ ಬೀಜಗಳನ್ನು ಹೊತ್ತು ತಂದಿರಬಹುದೆಂದು ಡಾರ್ವಿನ್ನನ ಊಹೆ. ಉಪ್ಪುನೀರಿನಲ್ಲಿ ನೆನೆದ ಬೀಜ ಬದುಕೀತೆ ಎಂಬುದನ್ನು ಆವರೆಗೆ ಯಾರೂ ಸರಿಯಾಗಿ ಪರೀಕ್ಷಿಸಿರಲಿಲ್ಲ. 1855ರಲ್ಲಿ ಡಾರ್ವಿನ್ನನು ಮನೆಯಲ್ಲಿಯೇ ಸೀಸೆಗಳಲ್ಲಿ ಉಪ್ಪುನೀರು ತುಂಬಿ ಬೀಜಗಳನ್ನು ನೆನೆಯಿಟ್ಟನು. ಹೂಕರನನ್ನು ಅಪ್ಪ ಗೆಲ್ಲುತ್ತಾರೆಯೇ ಎಂದು ಆತನ ಮಕ್ಕಳು ಆತುರದಿಂದ ಕೇಳುತ್ತಿದ್ದರಂತೆ. 87 ಬಗೆಯ ಬೀಜಗಳಲ್ಲಿ 64 ಬಗೆಯವು 28 ದಿನ ನೆನೆದ ಮೇಲೂ ಮೊಳೆತವು. ಕೆಲವು 137 ದಿನಗಳವರೆಗೆ ಜೀವ ಹಿಡಿದುಕೊಂಡಿದ್ದವು. ಆದರೆ ಬಹುಪಾಲು ಬೀಜಗಳು ತೇಲದೆ ಮುಳುಗಿಬಿಡುತ್ತವೆಂಬುದು ಆಮೇಲೆ ಹೊಳೆಯಿತು. ಮುಳುಗುವ ಬೀಜ ಸಮುದ್ರ ದಾಟುವುದೆಂತು? ತನ್ನ ವಾದವನ್ನೇ ಕೆಡಿಸುವ ಈ ಸಂಗತಿಯನ್ನು ಡಾರ್ವಿನ್ನನು ಮುಚ್ಚಿಡದೆ, ಎದುರುವಾದಿಯಾದ ಹೂಕರನಿಗೇ ಬರೆದನು. ಬಳಿಕ ಕಾಯಿ ಸಹಿತವಾದ ಕೊಂಬೆಗಳನ್ನು ಒಣಗಿಸಿ ತೇಲಿಬಿಟ್ಟು ನೋಡಲು, ಹಸಿಯಾಗಿದ್ದಾಗ ಕೂಡಲೇ ಮುಳುಗುತ್ತಿದ್ದ ಹೇಜಲ್ ಕಾಯಿಗಳು ಒಣಗಿದ ಮೇಲೆ 90 ದಿನ ತೇಲಿ, ಅನಂತರ ನೆಟ್ಟಾಗ ಮೊಳೆತವು. ಡಾರ್ವಿನ್ನನ ‘ಜೀವಜಾತಿಗಳ ಉಗಮ’ ಗ್ರಂಥದಲ್ಲಿ ಇದು ಕೆಲವೇ ಪಂಕ್ತಿಗಳ ವಿಷಯ. ಅದರ ಹಿಂದಿನ ಉತ್ಸಾಹ, ಆಶಾಭಂಗ, ಪುನಃಪ್ರಯತ್ನಗಳೆಲ್ಲ ಪತ್ರಗಳಲ್ಲಿಯೇ ಉಂಟು.

ಈ ಪತ್ರಮಂಡಲ ಪಂಡಿತರಿಗೆ ಮಾತ್ರ ಮೀಸಲಾಗಿರಲಿಲ್ಲ. 1862ರಲ್ಲಿ ಡಾರ್ವಿನ್ನನ ಆರ್ಕಿಡ್ ಗ್ರಂಥ ಪ್ರಕಟವಾದಾಗ, ಎಡಿನ್‌ಬರೋ ಸಸ್ಯೋದ್ಯಾನದಲ್ಲಿ ತೋಟದ ಕೆಲಸಕ್ಕಿದ್ದ ಜಾನ್ ಸ್ಕಾಟನೆಂಬ ತರುಣನು ಅದರಲ್ಲಿನ ಒಂದು ತಪ್ಪನ್ನು ತೋರಿಸಿ ಪತ್ರ ಬರೆದನು. ಜಗತ್ಪ್ರಸಿದ್ಧನಾದ ಗ್ರಂಥಕರ್ತನು ಆ ತೋಟದಾಳನ್ನು ಸಮಾನಸ್ಕಂಧನಂತೆ ಕಂಡು, ಪ್ರಯೋಗಗಳಿಗೆ ಪ್ರೇರಿಸಿ, ಆತನ ಲೇಖನವನ್ನು ಲಿನ್ನಿಯನ್ ಸಂಘವೆಂಬ ವಿದ್ವತ್ಸಭೆಯ ಮುಂದೆ ಓದಿಸಿದನು. ಸ್ವದೇಶದಲ್ಲಿ ತಕ್ಕ ನೆಲೆ ಸಿಗದಿದ್ದಾಗ ಹೂಕರನ ಮುಖಾಂತರ ಭಾರತದಲ್ಲಿ ಆತನಿಗೆ ದಾರಿಯಾಯಿತು. ಕಲಕತ್ತೆಯ ಸಸ್ಯೋದ್ಯಾನದಿಂದ ಸ್ಕಾಟನು ಬರೆದು ಕಳುಹಿಸಿದ ಅವಲೋಕನಗಳು ಮನುಷ್ಯರ ಭಾವಪ್ರದರ್ಶನವನ್ನು ಕುರಿತ ಡಾರ್ವಿನ್ನನ 1872ರ ಗ್ರಂಥದಲ್ಲಿ ಸೇರಿವೆ. ವಿದ್ವತ್ಸಂಘಗಳು ಸ್ತ್ರೀಯರನ್ನು ಹೊರಗಿಟ್ಟಿದ್ದ ಆ ಕಾಲದಲ್ಲಿ ಅಂಚೆಯ ಬಾಗಿಲು ಮಾತ್ರ ಅವರಿಗೆ ತೆರೆದಿತ್ತು. ಅಮೆರಿಕದ ಮೇರಿ ಟ್ರೀಟ್ ಕೀಟಭಕ್ಷಕ ಸಸ್ಯಗಳನ್ನು ಕುರಿತು ಬರೆದ ಸಂಗತಿಗಳು ಡಾರ್ವಿನ್ನನ 1875ರ ಗ್ರಂಥದಲ್ಲಿ ಆಕೆಯ ಹೆಸರಿನಿಂದಲೇ ಉದ್ಧೃತವಾಗಿವೆ. ಮುಂದೆ ಸ್ತ್ರೀಯರ ಮತದಾನದ ಹಕ್ಕಿಗಾಗಿ ಹೋರಾಡಿದ ಲಿಡಿಯಾ ಬೆಕರ್ ಡಾರ್ವಿನ್ನನಿಗೆ ಹೂಗಳ ವಿಷಯ ಬರೆಯುತ್ತಿದ್ದವಳೇ.

ಎಲ್ಲರ ಹೆಸರೂ ಈ ಮಂಡಲದಲ್ಲಿ ಉಳಿಯಲಿಲ್ಲವೆಂಬುದನ್ನು ಹೇಳದಿದ್ದರೆ ಅನ್ಯಾಯವಾದೀತು. ಹೂಕರನು 1848ರಿಂದ ಸಿಕ್ಕಿಂ ಪ್ರಾಂತದಲ್ಲಿ ಸಸ್ಯಸಂಗ್ರಹ ಮಾಡಿದಾಗ ಹೊರೆ ಹೊತ್ತು, ಮರವೇರಿ ಹೂ ಕಿತ್ತು ತಂದ ಲೆಪ್ಚಾ ಜನರಲ್ಲಿ ಹೆಚ್ಚಿನವರು ಇಂದು ಅನಾಮಧೇಯರು. ವಿದ್ಯೆಯ ಆ ಅಂಚೆ ಸಾಮ್ರಾಜ್ಯದ ಹಡಗಿನಲ್ಲಿಯೇ ಸಾಗುತ್ತಿತ್ತು.

ಹೀಗಿದ್ದರೂ ಆ ಪತ್ರಗಳಲ್ಲಿ ಮನುಷ್ಯತ್ವಕ್ಕೆ ಕೊರತೆಯಿಲ್ಲ. 1858ರ ಜೂನ್ 28ರಂದು ಡಾರ್ವಿನ್ನನ ಎಳೆಯ ಮಗು ಜ್ವರದಿಂದ ತೀರಿಕೊಂಡಿತು. ಮರುದಿನವೇ, ತನ್ನ ತತ್ತ್ವವನ್ನೇ ಸ್ವತಂತ್ರವಾಗಿ ಕಂಡುಕೊಂಡಿದ್ದ ಆಲ್ಫ್ರೆಡ್ ವ್ಯಾಲೇಸನ ಲೇಖನವನ್ನೂ, ಹಾರ್ವರ್ಡಿನ ಸಸ್ಯಶಾಸ್ತ್ರಜ್ಞ ಏಸಾ ಗ್ರೇಗೆ ತಾನು ಹಿಂದಿನ ವರ್ಷ ಬರೆದ ಪತ್ರದ ನಕಲನ್ನೂ ಆತನು ಹೂಕರನಿಗೆ ಕಳುಹಿಸಿದನು. ಜುಲೈ 1ರಂದು ಲಿನ್ನಿಯನ್ ಸಂಘದಲ್ಲಿ ಅವು ಓದಲ್ಪಟ್ಟವು. ಪ್ರಾಕೃತಿಕ ಆಯ್ಕೆಯ ತತ್ತ್ವ ಲೋಕಕ್ಕೆ ಮೊದಲು ಕೇಳಿಸಿದ್ದರಲ್ಲಿ ಒಂದು ಖಾಸಗಿ ಪತ್ರದ ಪಾಲೂ ಇತ್ತು. 1863ರಲ್ಲಿ ಹೂಕರನ ಆರು ವರ್ಷದ ಮಗಳು ತೀರಿಕೊಂಡಾಗ, ಒಂದು ಗಂಟೆಯೊಳಗೆ ಆತನು ಲೇಖನಿ ಹಿಡಿದು ಬರೆದದ್ದು ಡಾರ್ವಿನ್ನನಿಗೆ. ಹತ್ತು ವರ್ಷದ ಮಗಳನ್ನು ಹಿಂದೆ ಕಳೆದುಕೊಂಡಿದ್ದ ಡಾರ್ವಿನ್ನನಿಗೆ ಆ ಸಂಕಟವನ್ನು ವಿವರಿಸಬೇಕಾಗಿರಲಿಲ್ಲ. ಇನ್ನು ದೈವಭಕ್ತನಾದ ಗ್ರೇಯು ಸೃಷ್ಟಿಯಲ್ಲಿ ಈಶ್ವರಸಂಕಲ್ಪವನ್ನು ಕಾಣುತ್ತಿದ್ದನು. ಡಾರ್ವಿನ್ನನಿಗೆ ಅದು ಕಾಣಲಿಲ್ಲ. ಹಾಗೆಂದು ಅವರ ಸ್ನೇಹ ಕಡಿದುಹೋಗಲಿಲ್ಲ.

ಈ ಪತ್ರಗಳೆಲ್ಲ ತಮಗೆ ತಾವೇ ಉಳಿದುಬಂದವುಗಳಲ್ಲ. ಡಾರ್ವಿನ್ನನ ಸುಮಾರು 15,000 ಪತ್ರಗಳನ್ನು ಕಲೆಹಾಕಿ ಸಂಪಾದಿಸುವ ಕಾರ್ಯ 1974ರಲ್ಲಿ ಮೊದಲಾಗಿ, ಅರ್ಧ ಶತಮಾನಕ್ಕೆ ಸಮೀಪವಾದ ಶ್ರಮದಿಂದ 30 ಸಂಪುಟಗಳಲ್ಲಿ ಮುಗಿಯಿತು. ನಮ್ಮಲ್ಲಿ ಅಂಥ ಶ್ರದ್ಧೆ ಎಲ್ಲಿದೆ? ಆ ಪರಂಪರೆಗೆ ನಮ್ಮ ನಾಡೇನೂ ಹೊರಗಿನದಲ್ಲ. ಹೂಕರನು ನಿರ್ದೇಶಕನಾಗಿದ್ದ ಲಂಡನ್ನಿನ ಕ್ಯೂ ಸಸ್ಯೋದ್ಯಾನದಿಂದಲೇ ಜಾನ್ ಕ್ಯಾಮರನ್ ಬೆಂಗಳೂರಿನ ಲಾಲ್‌ಬಾಗಿಗೆ ಬಂದನು. ಏಸಾ ಗ್ರೇ ಕಲಿಸಿದ ಹಾರ್ವರ್ಡಿನಲ್ಲಿ ನಮ್ಮ ಬಿ.ಜಿ.ಎಲ್. ಸ್ವಾಮಿಯವರು ಸಸ್ಯಶಾಸ್ತ್ರಜ್ಞ ಇರ್ವಿಂಗ್ ಬೈಲಿಯವರೊಡನೆ ಸಂಶೋಧನೆ ನಡೆಸಿ, ಆ ಹಿರಿಯರ ಹೆಸರನ್ನೇ ಒಂದು ಸಸ್ಯಕ್ಕೆ ಇಟ್ಟರು. ಸಸ್ಯಶಾಸ್ತ್ರದ ಅಧ್ಯಾಪಕರೂ ಅರಣ್ಯಾಧಿಕಾರಿಗಳೂ ಹವ್ಯಾಸಿಗಳೂ ಈ ನಾಡಿನಲ್ಲಿ ಬರೆದುಕೊಂಡ ಪತ್ರಗಳು ಕಡಮೆಯಾಗಿರಲಾರವು. ಅವನ್ನು ಸ್ವೀಕರಿಸಿ, ಪಟ್ಟಿಮಾಡಿ, ಹುಳು ತಿನ್ನದಂತೆ ಕಾಪಾಡುವುದಕ್ಕೆ ನಮ್ಮ ಪ್ರತಿಯೊಂದು ವಿಶ್ವವಿದ್ಯಾನಿಲಯವೂ ಒಂದು ಕೊಠಡಿಯನ್ನೂ ಬಲ್ಲವರೊಬ್ಬರನ್ನೂ ಗೊತ್ತುಮಾಡಬೇಕು. ಇದು ಕಟ್ಟಡ ಕಟ್ಟಿಸುವಷ್ಟು ವೆಚ್ಚದ ಕೆಲಸವಲ್ಲ. ಅಲ್ಲಿಯವರೆಗೆ, ತಂದೆಯೋ ತಾತನೋ ಗಿಡಮೂಲಿಕೆಗಳ ವಿಷಯವಾಗಿ ಯಾರಿಗೋ ಬರೆದ, ಯಾರಿಂದಲೋ ಪಡೆದ ಕಾಗದದ ಕಟ್ಟು ನಿಮ್ಮ ಮನೆಯ ಅಟ್ಟದ ಮೇಲಿದ್ದರೆ, ಅದನ್ನು ದಯವಿಟ್ಟು ರದ್ದಿಗೆ ಹಾಕಬೇಡಿ. ಹತ್ತಿರದ ಕಾಲೇಜಿನ ಸಸ್ಯಶಾಸ್ತ್ರ ವಿಭಾಗದವರಿಗೆ ಒಮ್ಮೆ ತೋರಿಸಿ.