ಆ ಮೆಟ್ಟಿಲುಗಳಿಗೆ ನಂಬರ್ ಇತ್ತು

ಕಳೆದ ವರ್ಷ ಆಫೀಸ್ ಕೆಲಸದ ಮೇಲೆ ಮೂರು ವಾರ ಪ್ಯಾರಿಸ್‌ನಲ್ಲಿದ್ದೆ. ಒಂದು ಭಾನುವಾರ ಎಲ್ಲರೂ ಐಫೆಲ್ ಟವರ್ ಕಡೆ ಹೊರಟರೆ ನಾನು ಟ್ರೈನ್ ಹಿಡಿದು ಲ ಬುರ್ಜೆ ಸ್ಟೇಷನ್‌ನಲ್ಲಿ ಇಳಿದೆ. ಪಕ್ಕದ ಡ್ರಾನ್ಸಿ ಊರಲ್ಲಿ ಒಂದು ಹಳೇ ಅಪಾರ್ಟ್‌ಮೆಂಟ್ ನೋಡಬೇಕಿತ್ತು. "ಅದರಲ್ಲೇನಿದೆ ಮಾರಾಯ?" ಅಂತ ಟೀಮ್‌ನವರು ನಕ್ಕಿದ್ದರು.

ಸಿತೇ ದ ಲಾ ಮ್ಯುಯೆತ್ ಅದರ ಹೆಸರು. 1930ರ ದಶಕದ ಶುರುವಿನಲ್ಲಿ ಕಡಿಮೆ ಬಾಡಿಗೆಯ ಮನೆಗಳಿಗಾಗಿ ಸರ್ಕಾರಿ ವಸತಿ ಸಂಸ್ಥೆ ಕಟ್ಟಿಸಿದ್ದು. ವಾಸ್ತುಶಿಲ್ಪಿಗಳು ಯೂಜೆನ್ ಬೋದುವಾಂ ಮತ್ತು ಮಾರ್ಸೆಲ್ ಲೋಡ್ಸ್. ಸ್ಟೀಲ್ ಅಸ್ಥಿಪಂಜರ ನಿಲ್ಲಿಸಿ, ಅಲ್ಲೇ ಸೈಟ್‌ನಲ್ಲಿ ಎರಕ ಹೊಯ್ದ ಕಾಂಕ್ರೀಟ್ ಹಲಗೆಗಳನ್ನು ಅದಕ್ಕೆ ಜೋಡಿಸಿದರು. ಇವತ್ತು ನಾವು ಪ್ರೀಕಾಸ್ಟ್ ಅಂತೀವಲ್ಲ, ಅದೇ, ತೊಂಬತ್ತು ವರ್ಷದ ಹಿಂದೆ! ಸುಮಾರು 15 ಅಂತಸ್ತಿನ ಐದು ಗೋಪುರ, ಪಕ್ಕದಲ್ಲಿ ಕುದುರೆ ಲಾಳದ ಆಕಾರದ ನಾಲ್ಕಂತಸ್ತಿನ ಕಟ್ಟಡ. ಲಾಳದ ಮಧ್ಯೆ 200 ಮೀಟರ್ ಉದ್ದ, 40 ಮೀಟರ್ ಅಗಲದ ಅಂಗಳ. ಫೋಟೋದಲ್ಲಿ ನೋಡಿಯೇ ನಾನು ಮರುಳಾಗಿದ್ದೆ.

ಆದರೆ ಆರ್ಥಿಕ ಕುಸಿತದಿಂದ ಕೆಲಸ ನಿಂತಿತು. ಗೋಪುರಗಳಿಗೆ ಬಾಡಿಗೆದಾರರೂ ಸರಿಯಾಗಿ ಬರಲಿಲ್ಲ, ಅರೆಸೇನಾ ಪೊಲೀಸರ ಕುಟುಂಬಗಳಿಗೆ ಕೊಟ್ಟರು. ಲಾಳದ ಕಟ್ಟಡ ಬರೀ ಕಾಂಕ್ರೀಟ್ ನೆಲವಾಗಿ, ಅರ್ಧಂಬರ್ಧ ಉಳಿಯಿತು.

ಜರ್ಮನ್ನರ ಕೈಗೆ ಸಿಕ್ಕಿದ್ದು ಅದು. ಮೂರು ಕಡೆ ಕಟ್ಟಡ, ಒಂದೇ ಕಡೆ ಬಾಯಿ. ಸುತ್ತ ಮುಳ್ಳುತಂತಿ ಎಳೆದರೆ ಸಾಕು, ಜೈಲು ರೆಡಿ. 1941ರ ಆಗಸ್ಟ್‌ನಲ್ಲಿ ಪ್ಯಾರಿಸ್‌ನಲ್ಲಿ ಹಿಡಿದ 4 ಸಾವಿರಕ್ಕೂ ಹೆಚ್ಚು ಯಹೂದಿ ಗಂಡಸರನ್ನು ತಂದು ತುಂಬಿದರು. ಕಾವಲಿಗೆ ಫ್ರೆಂಚ್ ಪೊಲೀಸರೇ. ಮುಂದಿನ ವರ್ಷ ಹೆಂಗಸರು, ಮಕ್ಕಳೂ ಬಂದರು. ಫ್ರಾನ್ಸ್‌ನಿಂದ ಸಾಗಿಸಲಾದ ಸುಮಾರು 76 ಸಾವಿರ ಯಹೂದಿಗಳಲ್ಲಿ 63 ಸಾವಿರದಷ್ಟು ಜನ ಹೊರಟಿದ್ದು ಇಲ್ಲಿಂದ. ಹೆಚ್ಚಿನವರು ಆಶ್ವಿಟ್ಸ್‌ಗೆ.

ನಂಗೆ ಗಂಟಲು ಕಟ್ಟಿದ್ದು ಮೆಟ್ಟಿಲುಗಳ ವಿಷಯದಲ್ಲಿ. ಲಾಳದೊಳಗೆ 22 ಮೆಟ್ಟಿಲುದಾರಿಗಳಿವೆ. ಮನೆಮನೆಗೆ ಸುಲಭವಾಗಿ ಹತ್ತಿಹೋಗಲಿ ಅಂತ ಮಾಡಿದ್ದವು. ಶಿಬಿರದಲ್ಲಿ ಅದೇ ಜನರ ವಿಳಾಸವಾಯ್ತು. ಎಣಿಕೆ ಮೆಟ್ಟಿಲಿನ ಲೆಕ್ಕದಲ್ಲಿ, ಮೆಟ್ಟಿಲಿಗೊಬ್ಬ ಮುಖ್ಯಸ್ಥ. ಮುಂದಿನ ಟ್ರೈನಿನ ಪಟ್ಟಿಯಲ್ಲಿ ಹೆಸರಿದ್ದರೆ, ಬೇರೆ ಮಾಡಿಟ್ಟ 'ಹೊರಡುವ' ಮೆಟ್ಟಿಲಿಗೆ ಮೊದಲೇ ಸ್ಥಳಾಂತರ. ಮಾಡ್ಯುಲರ್ ಡಿಸೈನ್ ಅಂತ ದಿನಕ್ಕೆ ಹತ್ತು ಸಲ ಹೇಳುವವನು ನಾನು. ಅವತ್ತು ಆ ಪದವೇ ಬಾಯಿಗೆ ಬರಲಿಲ್ಲ. ವಾಸ್ತುಶಿಲ್ಪಿಗಳದ್ದು ತಪ್ಪಾ? ಖಂಡಿತ ಅಲ್ಲ ಅನ್ಸುತ್ತೆ. ಆದರೂ ಆ ಆಕಾರವನ್ನು ಮೊದಲಿನ ಹಾಗೆ ಮೆಚ್ಚೋಕೆ ಆಗ್ತಿಲ್ಲ.

ಗೋಪುರಗಳನ್ನು 1976ರಲ್ಲಿ ಕೆಡವಿದರು. ಲಾಳ ಈಗಲೂ ಇದೆ, 2001ರಿಂದ ಸಂರಕ್ಷಿತ ಸ್ಮಾರಕ. ಬಾಯಿಯ ಬಳಿ ಕಲ್ಲಿನ ಶಿಲ್ಪ, ಒಂದು ಹಳೇ ರೈಲು ಡಬ್ಬಿ. ರಸ್ತೆಯಾಚೆ 2012ರಲ್ಲಿ ತೆರೆದ ಮ್ಯೂಸಿಯಂ. 2009ರಲ್ಲಿ ದುರಸ್ತಿ ಮಾಡುವಾಗ, ಬಂದಿಗಳು ಗೋಡೆ ಮೇಲೆ ಬರೆದಿದ್ದ ಬರಹಗಳೂ ಸಿಕ್ಕವು.

ಮತ್ತೆ, ಅಲ್ಲಿ ಜನ ವಾಸ ಇದ್ದಾರೆ. ಈಗಲೂ ಕಡಿಮೆ ಬಾಡಿಗೆ ಮನೆಗಳೇ. ನಾನು ಫೋನ್ ಎತ್ತಿ ಫೋಟೋ ತೆಗೀತಿದ್ದಾಗ ತರಕಾರಿ ಚೀಲ ಹಿಡಿದ ಒಬ್ಬ ಅಜ್ಜಿ ನನ್ನನ್ನೇ ನೋಡುತ್ತಾ ನಿಂತರು. ಅವರ ಮನೆ ಬಾಗಿಲು ತಾನೇ ಅದು! ನಾಚಿಕೆಯಾಗಿ ಫೋನ್ ಜೇಬಿಗಿಟ್ಟೆ. ಅವರು ಮೆಟ್ಟಿಲು ಹತ್ತಿಹೋದರು.

ವಾಪಸ್ ಅದೇ ಸ್ಟೇಷನ್‌ಗೆ ನಡೆದೆ. 1943ರ ಮಧ್ಯದವರೆಗೆ ಆ ಟ್ರೈನ್‌ಗಳು ಹೊರಡುತ್ತಿದ್ದದ್ದೂ ಲ ಬುರ್ಜೆಯಿಂದಲೇ ಅಂತ ಮ್ಯೂಸಿಯಂನಲ್ಲಿ ಓದಿದ್ದೆ. ಪ್ಲಾಟ್‌ಫಾರ್ಮ್‌ನಲ್ಲಿ ನನ್ನ ಟ್ರೈನ್‌ಗೆ ಇನ್ನೂ ಆರು ನಿಮಿಷ ಅಂತ ತೋರಿಸ್ತಿತ್ತು.