ಆಟದ ಯಂತ್ರ, ಆಯ್ಕೆಯ ಪಾಠ

ಮಕ್ಕಳಿಗೆ ಸೈಕಲ್ಲು ಕೊಡಿಸಬೇಕಾದಾಗ ತಂದೆಯಾದವನಿಗೆ ಹೆಚ್ಚಿನ ತೊಡಕೇನೂ ಇರುವುದಿಲ್ಲ. ಅವನೂ ಬಾಲ್ಯದಲ್ಲಿ ಸೈಕಲ್ಲು ತುಳಿದವನೇ. ಚಕ್ರವನ್ನು ತಿರುಗಿಸಿ, ಬ್ರೇಕನ್ನು ಹಿಡಿದು, ಗಂಟೆಯನ್ನೊಮ್ಮೆ ಬಾರಿಸಿ ನೋಡಿದರೆ ಅದರ ಯೋಗ್ಯತೆ ಬಹುಮಟ್ಟಿಗೆ ತಿಳಿದುಹೋಗುತ್ತದೆ. ಆಟವಾಡುವ ಗಣಕಯಂತ್ರದ ಮಾತು ಹಾಗಲ್ಲ. ಬಿಡಿಭಾಗಗಳನ್ನು ತಂದು ಮನೆಯಲ್ಲಿಯೇ ಜೋಡಿಸಿಕೊಳ್ಳಬೇಕೆಂದು ಹದಿಮೂರು ವರ್ಷದ ಮಗುವೊಂದು ಹಟ ಹಿಡಿದಾಗ, ಅದು ಮುಂದಿಡುವ ಪಟ್ಟಿಯಲ್ಲಿರುವ ಅಕ್ಷರಗಳೂ ಅಂಕಿಗಳೂ ಹಿರಿಯರಿಗೆ ಅಪರಿಚಿತವಾಗಿರುತ್ತವೆ. ಮನೆಯಲ್ಲಿ ಹಣವನ್ನು ಎಣಿಸುವವರಿಗೆ ವಸ್ತು ಗೊತ್ತಿಲ್ಲ. ವಸ್ತು ಗೊತ್ತಿರುವವರಿಗೆ ಹಣದ ಬೆಲೆ ಗೊತ್ತಿಲ್ಲ.

ಇಂತಹ ಸಂದರ್ಭದಲ್ಲಿ ತಂದೆತಾಯಿಗಳು ಹಿಡಿಯುವ ದಾರಿ ಸಾಮಾನ್ಯವಾಗಿ ಎರಡು. ಕೆಲವರು "ಏನಾದರೂ ಮಾಡಿಕೋ" ಎಂದು ಹಣವನ್ನು ಕೊಟ್ಟು ಸುಮ್ಮನಾಗುತ್ತಾರೆ. ಮತ್ತೆ ಕೆಲವರು ಅಂಗಡಿಗೆ ಹೋಗಿ "ಒಳ್ಳೆಯದೊಂದು ಕೊಡಿ" ಎಂದು ಹೇಳಿ, ಅಂಗಡಿಯವನು ಕೊಟ್ಟುದನ್ನು ಹೊತ್ತು ತರುತ್ತಾರೆ. ಮೊದಲನೆಯದರಲ್ಲಿ ಮಗುವಿಗೆ ಸಂಗಾತಿಯಿಲ್ಲ. ಎರಡನೆಯದರಲ್ಲಿ ಆಯ್ಕೆಯೇ ಇಲ್ಲ. ಮೂರನೆಯ ದಾರಿಯೊಂದುಂಟು. ಅದಕ್ಕೆ ಹಿರಿಯರು ಯಂತ್ರಶಾಸ್ತ್ರಜ್ಞರಾಗಿರಬೇಕಾಗಿಲ್ಲ. ಸರಿಯಾದ ಪ್ರಶ್ನೆಗಳನ್ನು ಕೇಳಬಲ್ಲವರಾದರೆ ಸಾಕು.

ಮೊದಲು ಆಟ, ಆಮೇಲೆ ಯಂತ್ರ

"ಯಾವ ಯಂತ್ರ ಬೇಕು?" ಎಂಬುದಕ್ಕಿಂತ ಮೊದಲು ಕೇಳತಕ್ಕ ಪ್ರಶ್ನೆ, "ಯಾವ ಆಟ ಆಡಬೇಕು?" ಎಂಬುದು. ಮಗು ಮೂರು ಆಟಗಳ ಹೆಸರನ್ನು ಬರೆಯಲಿ. ೨೦೧೧ರಲ್ಲಿ ಪೂರ್ಣರೂಪದಲ್ಲಿ ಹೊರಬಂದ ಮೈನ್‌ಕ್ರಾಫ್ಟ್, ಪುಣೆಯ ತರುಣರು ರಚಿಸಿ ೨೦೨೦ರಲ್ಲಿ ಬಿಡುಗಡೆಯಾದ ರಾಜಿ, ಅದೇ ವರ್ಷ ಬಂದ ವ್ಯಾಲರಂಟ್—ಇವುಗಳಿಗೆ ಸಾಧಾರಣವಾದ ಯಂತ್ರವೇ ಸಾಕಾಗುತ್ತದೆ. ಈಚೆಗೆ ಬಂದ ಭಾರಿ ಆಟಗಳಾದರೆ ಅವುಗಳ ಹಸಿವೇ ಬೇರೆ. ಪ್ರತಿಯೊಂದು ಆಟದ ತಯಾರಕರೂ ಅದಕ್ಕೆ ಬೇಕಾಗುವ ಕನಿಷ್ಠ ಬಿಡಿಭಾಗಗಳನ್ನೂ, ಚೆನ್ನಾಗಿ ಓಡಲು ಬೇಕಾಗುವ ಬಿಡಿಭಾಗಗಳನ್ನೂ ಪ್ರಕಟಿಸಿರುತ್ತಾರೆ. ಅದನ್ನು ಹುಡುಕಿ ಬರೆದುಕೊಳ್ಳುವ ಕೆಲಸ ಮಗುವಿನದು.

ಇದೇ ಪಟ್ಟಿಯಿಂದ ಇನ್ನೊಂದು ಪ್ರಯೋಜನವೂ ಉಂಟು. ಆಟಗಳ ಮೇಲೆ ವಯಸ್ಸಿನ ಸೂಚನೆಯಿರುತ್ತದೆ. ಯೂರೋಪಿನಲ್ಲಿ ೨೦೦೩ರಿಂದ ಜಾರಿಯಲ್ಲಿರುವ ಪೆಗಿ ಪದ್ಧತಿಯಲ್ಲಿ ೩, ೭, ೧೨, ೧೬, ೧೮ ಎಂಬ ಅಂಕಿಗಳಿವೆ. ಮೈನ್‌ಕ್ರಾಫ್ಟಿಗೆ ೭, ವ್ಯಾಲರಂಟಿಗೆ ೧೬. ಹದಿಮೂರರ ಮಗು ಹದಿನಾರರ ಆಟವನ್ನು ಕೇಳಿದರೆ ಆ ಮಾತನ್ನು ಹಣ ಕೊಡುವ ಮುನ್ನ ಆಡಿ ಮುಗಿಸುವುದು ಲೇಸು. ಯಂತ್ರ ಮನೆಗೆ ಬಂದ ಮೇಲೆ ಆಡುವ ಮಾತು ಜಗಳವಾಗುತ್ತದೆ.

ಆಟದ ಜೊತೆಗೆ ತೆರೆಯ ವಿಚಾರವನ್ನೂ ನಿಶ್ಚಯಿಸಬೇಕು. ಸಾಮಾನ್ಯ ಮಾನಿಟರಿನ ಮೇಲೆ ಅಡ್ಡಲಾಗಿ ೧,೯೨೦, ಉದ್ದಕ್ಕೆ ೧,೦೮೦ ಚುಕ್ಕೆಗಳಿರುತ್ತವೆ, ಒಟ್ಟು ೨೦,೭೩,೬೦೦. ಆಟವು ಸರಾಗವಾಗಿ ಸಾಗಬೇಕಾದರೆ ಸೆಕೆಂಡಿಗೆ ೬೦ ಚಿತ್ರಗಳಾದರೂ ಮೂಡಬೇಕು. ಎಂದರೆ ಸೆಕೆಂಡೊಂದಕ್ಕೆ ೧೨ ಕೋಟಿಗೂ ಹೆಚ್ಚು ಚುಕ್ಕೆಗಳಿಗೆ ಯಂತ್ರವು ಬಣ್ಣ ತುಂಬಬೇಕು! ೪ಕೆ ಎಂಬ ದೊಡ್ಡ ತೆರೆಗೆ ಚುಕ್ಕೆಗಳ ಸಂಖ್ಯೆ ಇದರ ನಾಲ್ಕರಷ್ಟು. ತೆರೆ ಹಿಗ್ಗಿದಂತೆ ಖರ್ಚು ಏಕೆ ಹಿಗ್ಗುತ್ತದೆಂಬುದು ಈ ಒಂದು ಗುಣಾಕಾರದಿಂದಲೇ ಮಗುವಿಗೆ ಮನವರಿಕೆಯಾಗುತ್ತದೆ. ಮೊದಲ ಯಂತ್ರಕ್ಕೆ ಸಣ್ಣ ತೆರೆಯೇ ಯೋಗ್ಯ.

ಹಾಸಿಗೆ ಇದ್ದಷ್ಟು

ತುಮಕೂರಿನಂತಹ ಊರಿನ ಒಬ್ಬ ಅಧ್ಯಾಪಕರ ಮನೆಯನ್ನು ಊಹಿಸಿಕೊಳ್ಳಬಹುದು. ತಂದೆಯಿಂದ ೬೦,೦೦೦ ರೂಪಾಯಿ. ಹಬ್ಬದಲ್ಲಿ, ಹುಟ್ಟುಹಬ್ಬದಲ್ಲಿ ನಂಟರು ಕೊಟ್ಟುದನ್ನು ಎರಡು ವರ್ಷ ಕೂಡಿಟ್ಟ ಮಗಳಿಂದ ೯,೦೦೦. ಒಟ್ಟು ೬೯,೦೦೦. ಇದರಾಚೆಗೆ ಒಂದು ರೂಪಾಯಿಯೂ ಇಲ್ಲವೆಂಬುದನ್ನು ತಂದೆ ಮೊದಲೇ ಹೇಳಿ, ಪೆನ್ಸಿಲನ್ನು ಮಗಳ ಕೈಗೆ ಕೊಡುತ್ತಾನೆ. ಮಿತಿಯನ್ನು ಮುಚ್ಚಿಟ್ಟರೆ ಮಗು ಕೇಳುತ್ತಲೇ ಇರುತ್ತದೆ. ಮಿತಿ ತಿಳಿದರೆ ಲೆಕ್ಕ ಹಾಕುತ್ತದೆ.

ಮಗಳ ಮೊದಲ ಪಟ್ಟಿಯಲ್ಲಿ ಗಾಜಿನ ಕ್ಯಾಬಿನೆಟ್ಟೂ ಬಣ್ಣಬಣ್ಣದ ದೀಪದ ಫ್ಯಾನುಗಳೂ ಇವೆ.

"ದೀಪ ಬೇಡವೆಂದು ನಾನು ಹೇಳುವುದಿಲ್ಲ, ಮಗೂ. ಆದರೆ ಅದಕ್ಕೆ ಹೋಗುವ ಮೂರು ಸಾವಿರ ಎಲ್ಲಿಂದ ಬರಬೇಕೆಂದು ನೀನೇ ಹೇಳು."

"ಈ ಎಸ್.ಎಂ.ಪಿ.ಎಸ್. ಪೆಟ್ಟಿಗೆಗೆ ಕಡಿಮೆ ಬೆಲೆಯದು ಹಾಕಿದರಾಯಿತು, ಅಪ್ಪಾ. ಅದು ಒಳಗೆ ಕುಳಿತಿರುತ್ತದೆ, ಯಾರಿಗೂ ಕಾಣುವುದಿಲ್ಲ."

"ಅದು ಮಾಡುವ ಕೆಲಸವೇನೆಂದು ತಿಳಿದುಕೊಂಡು ಬಾ. ಆಮೇಲೂ ನಿನಗೆ ಸರಿಯೆನಿಸಿದರೆ ಹಾಗೆಯೇ ಮಾಡೋಣ."

ಮಾತು ಅಷ್ಟೇ. ಅಲ್ಲಗಳೆಯುವುದು ಸುಲಭವಾಗಿತ್ತು, ಆದರೆ ಅಲ್ಲಗಳೆದಿದ್ದರೆ ಮಗಳು ಕಲಿಯುತ್ತಿದ್ದುದು ತಂದೆಯ ಅಧಿಕಾರವನ್ನೇ ಹೊರತು ಪೆಟ್ಟಿಗೆಯ ಗುಣವನ್ನಲ್ಲ.

ಕಾಣದ ಪೆಟ್ಟಿಗೆಯ ಮಹಿಮೆ

ಗೋಡೆಯ ಪ್ಲಗ್ಗಿನಿಂದ ಬರುವ ೨೩೦ ವೋಲ್ಟಿನ ವಿದ್ಯುತ್ತನ್ನು ೧೨ ವೋಲ್ಟು, ೫ ವೋಲ್ಟುಗಳಿಗೆ ಇಳಿಸಿ, ಒಂದೇ ಸಮನಾಗಿ ಎಲ್ಲ ಭಾಗಗಳಿಗೂ ಹಂಚುವುದು ಈ ಪೆಟ್ಟಿಗೆಯ ಕೆಲಸ. ಕಳಪೆ ಪೆಟ್ಟಿಗೆ ಕೆಟ್ಟರೆ ತಾನೊಂದೇ ಕೆಡುವುದಿಲ್ಲ. ಒಮ್ಮೊಮ್ಮೆ ಮದರ್‌ಬೋರ್ಡನ್ನೂ ಗ್ರಾಫಿಕ್ಸ್ ಕಾರ್ಡನ್ನೂ ಜೊತೆಗೆ ಕರೆದೊಯ್ಯುತ್ತದೆ. ೨೦೦೪ರಲ್ಲಿ ಆರಂಭವಾದ '೮೦ ಪ್ಲಸ್' ಎಂಬ ಮುದ್ರೆಯು, ಪೆಟ್ಟಿಗೆಯು ತೆಗೆದುಕೊಂಡ ವಿದ್ಯುತ್ತಿನಲ್ಲಿ ಶೇಕಡಾ ೮೦ರಷ್ಟನ್ನಾದರೂ ಯಂತ್ರಕ್ಕೆ ಮುಟ್ಟಿಸುತ್ತದೆಂಬುದನ್ನು ಸೂಚಿಸುತ್ತದೆ. ಯಂತ್ರಕ್ಕೆ ೩೦೦ ವ್ಯಾಟು ಬೇಕಾದರೆ ಇಂತಹ ಪೆಟ್ಟಿಗೆಯು ಗೋಡೆಯಿಂದ ಹೆಚ್ಚೆಂದರೆ ೩೭೫ ವ್ಯಾಟು ಎಳೆಯುತ್ತದೆ. ಮುದ್ರೆಯೊಂದೇ ಸಾಲದು, ತಯಾರಕರು ಎಷ್ಟು ವರ್ಷದ ವಾರಂಟಿ ಕೊಡುತ್ತಾರೆಂಬುದನ್ನೂ ನೋಡಬೇಕು.

ಮೂರು ದಿನ ಬಿಟ್ಟು ಮಗಳು ಹಿಂದಿರುಗಿದಾಗ ಪಟ್ಟಿಯಲ್ಲಿ ದೀಪದ ಫ್ಯಾನುಗಳ ಮೇಲೆ ಗೆರೆ ಬಿದ್ದಿರುತ್ತದೆ. ಆ ಗೆರೆಯನ್ನು ಅವಳೇ ಎಳೆದಿರುತ್ತಾಳೆ.

ಇಲ್ಲಿಂದ ಒಂದು ಸೂತ್ರವೂ ಹೊರಡುತ್ತದೆ: ಮುಂದೆ ಸುಲಭವಾಗಿ ಸೇರಿಸಿಕೊಳ್ಳಬಹುದಾದ ಭಾಗಗಳಲ್ಲಿ ಈಗ ಉಳಿಸಬಹುದು, ಬದಲಿಸಬೇಕಾದರೆ ಇಡೀ ಯಂತ್ರವನ್ನೇ ಬಿಚ್ಚಬೇಕಾಗುವ ಭಾಗಗಳಲ್ಲಿ ಉಳಿಸಬಾರದು. ಎಸ್.ಎಂ.ಪಿ.ಎಸ್., ಮದರ್‌ಬೋರ್ಡು ಎರಡನೆಯ ಗುಂಪಿನವು. ರ್‍ಯಾಮ್, ಎಸ್.ಎಸ್.ಡಿ.ಗಳು ಮೊದಲನೆಯ ಗುಂಪಿನವು.

ಜಾತಕ ಕೂಡಬೇಕಾದವು

ಬಿಡಿಭಾಗಗಳಿಗೂ ಜಾತಕವುಂಟು, ಕೂಡದಿದ್ದರೆ ಸಂಬಂಧ ನಡೆಯುವುದಿಲ್ಲ. ಪ್ರೊಸೆಸರು ಕುಳಿತುಕೊಳ್ಳುವ ಪೀಠಕ್ಕೆ ಸಾಕೆಟ್ ಎಂದು ಹೆಸರು. ಎ.ಎಂ.ಡಿ. ಸಂಸ್ಥೆಯು ೨೦೧೬ರಲ್ಲಿ ಎ.ಎಂ. ೪ ಎಂಬ ಸಾಕೆಟನ್ನೂ, ೨೦೨೨ರಲ್ಲಿ ಎ.ಎಂ. ೫ ಎಂಬುದನ್ನೂ ತಂದಿತು. ಒಂದರ ಪ್ರೊಸೆಸರು ಇನ್ನೊಂದರಲ್ಲಿ ಕೂಡುವುದಿಲ್ಲ. ಇಂಟೆಲ್ ಸಂಸ್ಥೆಯ ಸಾಕೆಟುಗಳು ಮತ್ತೆ ಬೇರೆ. ರ್‍ಯಾಮಿನಲ್ಲಿ ಡಿ.ಡಿ.ಆರ್. ೪, ಡಿ.ಡಿ.ಆರ್. ೫ ಎಂಬ ಎರಡು ಬಗೆ ಪ್ರಚಾರದಲ್ಲಿವೆ. ಎರಡಕ್ಕೂ ೨೮೮ ಸಂಪರ್ಕಬಿಂದುಗಳೇ ಇದ್ದರೂ ಅಂಚಿನಲ್ಲಿರುವ ಕಚ್ಚು ಬೇರೆ ಬೇರೆ ಜಾಗದಲ್ಲಿರುವುದರಿಂದ, ಒಂದರ ಸ್ಥಾನದಲ್ಲಿ ಇನ್ನೊಂದನ್ನು ಬಲವಂತದಿಂದ ಒತ್ತಿದರೆ ಮುರಿಯುವುದೇ ಸರಿ. ಒಂದೇ ೧೬ ಜಿ.ಬಿ. ಪಟ್ಟಿಗಿಂತ ೮ ಜಿ.ಬಿ.ಯ ಎರಡು ಪಟ್ಟಿಗಳು ಜೋಡೆತ್ತಿನಂತೆ ಕೆಲಸ ಮಾಡಿ ವೇಗವನ್ನು ಹೆಚ್ಚಿಸುತ್ತವೆ.

ಪ್ರೊಸೆಸರಿನ ಹೆಸರಿನ ಕೊನೆಯ ಅಕ್ಷರವನ್ನೂ ಅಲಕ್ಷಿಸಬಾರದು. ಇಂಟೆಲ್ ಪ್ರೊಸೆಸರುಗಳಲ್ಲಿ 'ಎಫ್' ಎಂದಿದ್ದರೆ ಅದರೊಳಗೆ ಚಿತ್ರ ಮೂಡಿಸುವ ಶಕ್ತಿಯಿಲ್ಲವೆಂದು ಅರ್ಥ. ಅದಕ್ಕೆ ಗ್ರಾಫಿಕ್ಸ್ ಕಾರ್ಡು ಇರಲೇಬೇಕು. ೨೦೨೧ರಲ್ಲಿ ಮಾರುಕಟ್ಟೆಗೆ ಬಂದ ಎ.ಎಂ.ಡಿ.ಯ ರೈಜನ್ ೫ ೫೬೦೦ಜಿ ಎಂಬುದರಲ್ಲಿ ಆ ಶಕ್ತಿಯೂ ಅಡಕವಾಗಿದೆ. ಹಣ ತೀರ ಕಡಿಮೆಯಿದ್ದ ಮನೆಗಳಿಗೆ ಇಂತಹ ಪ್ರೊಸೆಸರು ಒಂದು ಉಪಾಯ: ಸಣ್ಣ ಆಟಗಳನ್ನು ಅದರಿಂದಲೇ ಆಡುತ್ತಿದ್ದು, ಅನುಕೂಲವಾದಾಗ ಕಾರ್ಡನ್ನು ತಂದು ಸೇರಿಸಬಹುದು.

ಆಟದ ಯಂತ್ರದಲ್ಲಿ ಹೆಚ್ಚು ಹಣ ನುಂಗುವುದು ಗ್ರಾಫಿಕ್ಸ್ ಕಾರ್ಡು. ಒಟ್ಟು ಹಣದ ಮೂರನೆಯ ಒಂದು ಭಾಗ ಅದಕ್ಕೆ ಮೀಸಲಾದರೆ ಆಶ್ಚರ್ಯವಿಲ್ಲ. ಇಲ್ಲಿ ಹಿರಿಯರೂ ಎಡವುವುದುಂಟು. ಅಂಗಡಿಯವನ ಮಾತು ಕೇಳಿ "ಪ್ರೊಸೆಸರು ದೊಡ್ಡದಿರಲಿ, ಅದೇ ಯಂತ್ರದ ಮೆದುಳಂತೆ" ಎಂದು ತಂದೆ ಹಟ ಹಿಡಿದಾಗ, "ನಾನು ಬರೆದ ಆಟಗಳಿಗೆ ಅಷ್ಟು ದೊಡ್ಡದು ಬೇಡ, ಅಪ್ಪಾ. ಆ ಹಣ ಕಾರ್ಡಿಗೆ ಹೋದರೆ ಚಿತ್ರ ಸರಾಗವಾಗುತ್ತದೆ" ಎಂದು ಮಗಳು ತನ್ನ ಕಾಗದವನ್ನು ತೋರಿಸುತ್ತಾಳೆ. ಸಕಾರಣವಾಗಿ ಹೇಳಿದಾಗ ತಂದೆ ಒಪ್ಪಿಕೊಂಡರೆ ಅವನ ಗೌರವಕ್ಕೆ ಕುಂದಿಲ್ಲ. ಎಸ್.ಎಂ.ಪಿ.ಎಸ್. ವಿಷಯದಲ್ಲಿ ಮಗಳು ಒಪ್ಪಿದುದಕ್ಕೆ ಬೆಲೆ ಬರುವುದೂ ಆಗಲೇ.

ಪಟ್ಟಿ ಮುಗಿಯಿತೆಂದುಕೊಳ್ಳುವಷ್ಟರಲ್ಲಿ ತಾಯಿಯ ಪ್ರಶ್ನೆ ಬರುತ್ತದೆ: "ಕರೆಂಟು ಹೋದರೆ?" ಯು.ಪಿ.ಎಸ್. ಅನ್ನು ಅಪ್ಪನೂ ಮಗಳೂ ಮರೆತಿದ್ದರು! ೬೦೦ ವಿ.ಎ. ಎಂದು ಬರೆದ ಸಣ್ಣ ಯು.ಪಿ.ಎಸ್. ಬಹುಮಟ್ಟಿಗೆ ೩೬೦ ವ್ಯಾಟು ಮಾತ್ರ ಕೊಡಬಲ್ಲದು. ಯಂತ್ರ ಹಾಗೂ ಮಾನಿಟರುಗಳ ಬೇಡಿಕೆಯನ್ನು ಕೂಡಿಸಿ ನೋಡಿಯೇ ಕೊಳ್ಳಬೇಕು. ಗೋಡೆಯ ಪ್ಲಗ್ಗಿಗೆ ಅರ್ತಿಂಗ್ ಸರಿಯಾಗಿದೆಯೇ ಎಂಬುದನ್ನು ವಿದ್ಯುತ್ ಕೆಲಸದವನಿಂದ ಪರೀಕ್ಷೆ ಮಾಡಿಸುವುದು ಅವಶ್ಯ. ಈ ಹಣವನ್ನು ಹೊಂದಿಸುವುದಕ್ಕಾಗಿ ಮಗಳು ಎಸ್.ಎಸ್.ಡಿ.ಯನ್ನು ಒಂದು ಟಿ.ಬಿ.ಯಿಂದ ಅರ್ಧಕ್ಕಿಳಿಸುತ್ತಾಳೆ. ಸೂತ್ರ ಅವಳಿಗೆ ಅರ್ಥವಾಗಿದೆ.

ಅಂಗಡಿಯಲ್ಲಿ

ಕರ್ನಾಟಕದಲ್ಲಿ ಇಂತಹ ಸಾಮಾನಿಗೆ ಹೆಸರಾದುದು ಬೆಂಗಳೂರಿನ ಪುರಭವನಕ್ಕೆ ಸಮೀಪದ ಎಸ್.ಪಿ. ರಸ್ತೆ. ದೆಹಲಿಯ ನೆಹರೂ ಪ್ಲೇಸ್, ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆ, ಚೆನ್ನೈಯ ರಿಚ್ಚಿ ಬೀದಿಗಳೂ ಈ ವ್ಯಾಪಾರಕ್ಕೆ ಪ್ರಸಿದ್ಧವೇ. ಎರಡು ಮೂರು ಅಂಗಡಿಗಳಲ್ಲಿ ಬೆಲೆ ಕೇಳಿ, ಆನ್‌ಲೈನ್ ಬೆಲೆಯೊಡನೆ ಹೋಲಿಸಿ ಕೊಳ್ಳುವುದು ಜಾಣತನ. "ಬಿಲ್ಲು ಬೇಡವೆಂದರೆ ಕಡಿಮೆ ಮಾಡಿಕೊಡುತ್ತೇನೆ" ಎಂಬ ಮಾತಿಗೆ ಯಾರೂ ಮರುಳಾಗಬಾರದು. ಬಿಲ್ಲಿಲ್ಲದ ವಸ್ತು ಕೆಟ್ಟರೆ ವಾರಂಟಿಯ ಬಾಗಿಲು ತೆರೆಯುವುದು ಕಷ್ಟ.

ಬೆಲೆಗಳು ಸ್ಥಿರವಲ್ಲವೆಂಬುದನ್ನೂ ನೆನಪಿಡಬೇಕು. ೨೦೨೧ರಲ್ಲಿ ಚಿಪ್ಪುಗಳ ಕೊರತೆ ಹಾಗೂ ಕ್ರಿಪ್ಟೋ ಹಣವನ್ನು ಗಣಿಮಾಡುವವರ ಹಾವಳಿಯಿಂದ ಗ್ರಾಫಿಕ್ಸ್ ಕಾರ್ಡುಗಳು ಕೈಗೆಟುಕದಂತಾಗಿದ್ದುವು. ೨೦೨೫ರ ಕೊನೆಯಲ್ಲಿ ಕೃತಕ ಬುದ್ಧಿಮತ್ತೆಯ ಕೇಂದ್ರಗಳ ಬೇಡಿಕೆಯಿಂದ ರ್‍ಯಾಮಿನ ಬೆಲೆ ಏರಿತು. ಹಳೆಯ ಯಂತ್ರವನ್ನು ಕೊಳ್ಳುವವರು, ವಿಂಡೋಸ್ ೧೦ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲವು ೧೪ ಅಕ್ಟೋಬರ್ ೨೦೨೫ರಂದು ಮುಗಿದಿದೆಯೆಂಬುದನ್ನು ಅರಿತು, ಅದು ವಿಂಡೋಸ್ ೧೧ಕ್ಕೆ ಯೋಗ್ಯವೇ ಎಂದು ವಿಚಾರಿಸಬೇಕು.

ಜೋಡಣೆಯ ಭಾನುವಾರ

ಅಂಗಡಿಯವನೇ ಜೋಡಿಸಿಕೊಡುವೆನೆಂದರೂ ಒಂದು ಭಾನುವಾರವನ್ನು ಇದಕ್ಕಾಗಿ ತೆಗೆದಿಡುವುದು ವ್ಯರ್ಥವಲ್ಲ. ಒಂದು ಸ್ಕ್ರೂಡ್ರೈವರ್, ಅಗಲವಾದ ಮೇಜು, ಸಾಕಷ್ಟು ಬೆಳಕು ಇದ್ದರೆ ಕೆಲಸ ನಡೆಯುತ್ತದೆ. ಭಾಗಗಳನ್ನು ಮುಟ್ಟುವ ಮೊದಲು ಬಣ್ಣವಿಲ್ಲದ ಲೋಹವೊಂದನ್ನು ಮುಟ್ಟಿ ಮೈಯಲ್ಲಿನ ಸ್ಥಾಯಿವಿದ್ಯುತ್ತನ್ನು ಕಳೆದುಕೊಳ್ಳಬೇಕು. ಎ.ಎಂ. ೪ ಪ್ರೊಸೆಸರಿಗೆ ಸೂಜಿಯಂತಹ ಕಾಲುಗಳು ಕೆಳಗಿರುತ್ತವೆ, ಎ.ಎಂ. ೫ರಲ್ಲಿ ಅವು ಬೋರ್ಡಿನ ಮೇಲಿರುತ್ತವೆ. ಎರಡರಲ್ಲಿಯೂ ಮೂಲೆಯ ತ್ರಿಕೋನದ ಗುರುತನ್ನು ಹೊಂದಿಸಿ ಮೆಲ್ಲನೆ ಇಳಿಸಬೇಕು. ಎಸ್.ಎಂ.ಪಿ.ಎಸ್. ಪೆಟ್ಟಿಗೆಯನ್ನು ಮಾತ್ರ ಯಾವ ಕಾರಣಕ್ಕೂ ಬಿಚ್ಚಬಾರದು. ಪ್ಲಗ್ಗು ತೆಗೆದ ಮೇಲೂ ಅದರೊಳಗೆ ಅಪಾಯಕರ ವಿದ್ಯುತ್ತು ಉಳಿದಿರಬಹುದು.

ಎಲ್ಲವೂ ಆದ ಮೇಲೆ ತೆರೆ ಕಪ್ಪಾಗಿಯೇ ಉಳಿದರೆ ಎದೆಗುಂದಬೇಕಾಗಿಲ್ಲ. ಮಾನಿಟರಿನ ತಂತಿಯನ್ನು ಗ್ರಾಫಿಕ್ಸ್ ಕಾರ್ಡಿಗೆ ಸಿಕ್ಕಿಸದೆ ಮದರ್‌ಬೋರ್ಡಿಗೆ ಸಿಕ್ಕಿಸಿರುವುದು, ರ್‍ಯಾಮ್ ಪೂರ್ತಿಯಾಗಿ ಕೂರದಿರುವುದು, ಪ್ರೊಸೆಸರಿಗೆ ಹೋಗುವ ವಿದ್ಯುತ್ ತಂತಿಯನ್ನು ಮರೆತಿರುವುದು—ಇವು ಹೊಸಬರ ನಿತ್ಯದ ತಪ್ಪುಗಳು. ಆ ಗಳಿಗೆಯಲ್ಲಿ ಹಿರಿಯರು ಸ್ಕ್ರೂಡ್ರೈವರನ್ನು ಕಿತ್ತುಕೊಳ್ಳದೆ, "ಮೊದಲಿನಿಂದ ಒಂದೊಂದಾಗಿ ನೋಡೋಣ" ಎಂದರೆ ಸಾಕು.

ಯಂತ್ರವನ್ನು ಇಡತಕ್ಕ ಜಾಗ ನಡುಮನೆ; ಮಲಗುವ ಕೋಣೆಯಲ್ಲ. ಆಟದ ಹೊತ್ತು ಎಷ್ಟೆಂಬುದನ್ನೂ ಪಟ್ಟಿಯ ಹಿಂಬದಿಯಲ್ಲಿ ಬರೆದು ಮೂವರೂ ಒಪ್ಪಿಕೊಳ್ಳಲಿ. ಹಣವನ್ನು ಪಣವಾಗಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯಿದೆಯನ್ನು ಸಂಸತ್ತು ೨೦೨೫ರಲ್ಲಿ ಅಂಗೀಕರಿಸಿತು. ಆದರೆ ಆಟದೊಳಗೇ ವೇಷಭೂಷಣಗಳನ್ನು ಮಾರುವ ಅಂಗಡಿಗಳ ಮಾತು ಬೇರೆ. ತಂದೆಯ ಕಾರ್ಡಿನ ಗುಟ್ಟು ಯಂತ್ರದಲ್ಲಿ ಉಳಿಯದಂತೆ ನೋಡಿಕೊಳ್ಳುವುದು ಮನೆಯವರ ಕೆಲಸ.

ಬಿಲ್ಲುಗಳನ್ನು ಕಡತದಲ್ಲಿಡುವಾಗ ಗೆರೆ ಹೊಡೆದ ಆ ಪಟ್ಟಿಯನ್ನೂ ಜೊತೆಗಿಡುವುದು ಒಳ್ಳೆಯದು. ಮುಂದಿನ ವರ್ಷ ಎಸ್.ಎಸ್.ಡಿ. ಸೇರಿಸುವಾಗ ಅದು ಬೇಕಾಗುತ್ತದೆ. ಮನೆಗೆ ಫ್ರಿಜ್ಜನ್ನೋ ಬಟ್ಟೆ ಒಗೆಯುವ ಯಂತ್ರವನ್ನೋ ಕೊಳ್ಳುವ ಕಾಲ ಬಂದಾಗ, ಬೆಲೆಪಟ್ಟಿಯನ್ನು ಮೊದಲು ಆ ಹುಡುಗಿಯ ಕೈಗೇ ಕೊಡಬಹುದು.