ಹೇರಿದ ವ್ರತ ವ್ರತವಲ್ಲ

2018ರ ಸೆಪ್ಟೆಂಬರ್ 6ರಂದು ಸರ್ವೋಚ್ಚ ನ್ಯಾಯಾಲಯವು ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧವನ್ನು ಭಾರತೀಯ ದಂಡ ಸಂಹಿತೆಯ 377ನೆಯ ಕಲಮಿನ ವ್ಯಾಪ್ತಿಯಿಂದ ಹೊರಗಿಟ್ಟಿತು. ಅಂದು ಶಿವಾಜಿನಗರದ ಸಂತ ಮರಿಯಮ್ಮನವರ ಬಸಿಲಿಕದಲ್ಲಿ, ಸೆಪ್ಟೆಂಬರ್ 8ರ ಹಬ್ಬಕ್ಕೆ ಮುಂಚಿನ ನವದಿನಗಳ ಪ್ರಾರ್ಥನೆ ನಡೆಯುತ್ತಿತ್ತು. ಆ ಜನಸಂದಣಿಯಲ್ಲಿ ಲಿಂಗರಾಜಪುರದ ಕಥೋಲಿಕ ಮನೆತನದ ತರುಣನೊಬ್ಬ ನಿಂತಿದ್ದನೆಂದು ಭಾವಿಸೋಣ. ತನ್ನ ಒಲವು ಗಂಡಸರತ್ತ ಎಂಬುದನ್ನು ಅವನು ಎಳೆಹರೆಯದಲ್ಲೇ ಅರಿತವನು. ನ್ಯಾಯಾಲಯವೇನೋ ಅವನು ಅಪರಾಧಿಯಲ್ಲವೆಂದಿತು. ಆದರೆ ಪಾಪನಿವೇದನೆಗೆ ಮೊಣಕಾಲೂರಿದಾಗ ಅವನು ಏನು ಹೇಳಬೇಕು? ಹೇಳಿದರೆ ತಿರಸ್ಕಾರದ ಭಯ. ಮರೆಮಾಚಿದರೆ ನಿವೇದನೆಯೇ ಸುಳ್ಳು.

ಅನ್ಯಮತದ ಬೋಧನೆಯನ್ನು ತಿರುಚದೆ ಹೇಳುವುದು ನ್ಯಾಯ. 1992ರ ಕಥೋಲಿಕ ಧರ್ಮೋಪದೇಶ ಗ್ರಂಥವು ಒಲವನ್ನೇ ಪಾಪವೆನ್ನುವುದಿಲ್ಲ. ಕ್ರಿಯೆಯನ್ನು ನಿಷೇಧಿಸಿ, ಇಂಥವರು ಬ್ರಹ್ಮಚರ್ಯದಲ್ಲಿ ಬಾಳಬೇಕೆನ್ನುತ್ತದೆ. ಅವರನ್ನು ಗೌರವದಿಂದ, ಕರುಣೆಯಿಂದ ಕಾಣಬೇಕೆಂದೂ ಅದೇ ಗ್ರಂಥ ವಿಧಿಸುತ್ತದೆ. 2023ರ ಡಿಸೆಂಬರಿನಲ್ಲಿ ವ್ಯಾಟಿಕನ್, ವಿವಾಹದ ಬೋಧನೆಯನ್ನು ಬದಲಿಸದೆ, ಇಂಥ ಜೋಡಿಗಳನ್ನು ಪೂಜಾವಿಧಿಯ ಹೊರಗೆ ಆಶೀರ್ವದಿಸಲು ಗುರುಗಳಿಗೆ ಅನುಮತಿಯಿತ್ತಿತು.

"ಬ್ರಹ್ಮಚರ್ಯವೇನು ಕೆಡುಕೇ?" ಎಂದು ನಮ್ಮ ಹಿರಿಯರು ಕೇಳಬಹುದು. ಖಂಡಿತ ಅಲ್ಲ. ಆದರೆ ನಮ್ಮಲ್ಲಿ ವ್ರತವನ್ನು ಬಯಸಿದವನು ತನ್ನ ಶಕ್ತಿಯನ್ನು ಅರಿತು, ಗುರುವಿನೆದುರು ಕೈಮುಗಿದು, ಬೇಡಿ ಪಡೆಯುತ್ತಾನೆ. ಕಥೋಲಿಕ ಪಾದ್ರಿಯೂ ವರ್ಷಗಟ್ಟಲೆ ಆಲೋಚಿಸಿ ಸ್ವೇಚ್ಛೆಯಿಂದ ಅದನ್ನು ಸ್ವೀಕರಿಸುತ್ತಾನೆ. ಈ ತರುಣನಿಗೆ ಮಾತ್ರ ಆಯ್ಕೆಯಿಲ್ಲ. ಬೇಡದವನ ಮೇಲೆ ಹೇರಿದುದು ವ್ರತವಲ್ಲ, ದಂಡನೆ.

ಅವನ ಸಂದೇಹವನ್ನು ನಾಸ್ತಿಕತೆಯೆಂದು ಹಳಿಯುವುದೂ ಸಲ್ಲದು. ನಂಬಿಕೆಯಿಲ್ಲದವನಿಗೆ ಈ ಸಂಕಟವೇ ಇಲ್ಲ. ಅವನು ಹೊಸ್ತಿಲು ದಾಟಿ ಹೊರಟುಹೋಗುತ್ತಾನೆ. ನವದಿನಗಳ ಪ್ರಾರ್ಥನೆಗೆ ಬಂದು ನಿಂತವನು ನಂಬಿದವನೇ.

"ಮದುವೆ ಮಾಡಿಬಿಡಿ, ಎಲ್ಲ ಸರಿಹೋಗುತ್ತದೆ" ಎಂಬ ಮಾತು ಇಗರ್ಜಿಯ ಬೀದಿಯಲ್ಲಷ್ಟೇ ಅಲ್ಲ, ಬಸದಿಯ ಅಂಗಳದಲ್ಲೂ ಕೇಳಿಬರುತ್ತದೆ. ನಾನು ವ್ಯಾಪಾರಿ. ಒಂದೇ ಅಂಗಡಿಗೆ ಎರಡು ಲೆಕ್ಕದ ಪುಸ್ತಕವಿಟ್ಟವರ ಗತಿಯನ್ನು ಕಂಡಿದ್ದೇನೆ. ಏನೂ ಅರಿಯದ ಹೆಣ್ಣುಮಗಳೊಬ್ಬಳನ್ನು ಇಂಥ ಸುಳ್ಳು ಲೆಕ್ಕಕ್ಕೆ ಜಾಮೀನು ನಿಲ್ಲಿಸುವುದು ಯಾವ ಧರ್ಮ? ಇಲ್ಲಿ ಕೆಡುವುದು ಒಂದು ಬಾಳಲ್ಲ, ಎರಡು.

ಮಕ್ಕಳಿಗೆ ಸತ್ಯ ನುಡಿಯಲು ಕಲಿಸಿದವರು ನಾವೇ. ಮಗನು ಒಂದು ದಿನ ಆ ಸತ್ಯವನ್ನೇ ನುಡಿದಾಗ ಅವನನ್ನು ಸುಳ್ಳಿಗೆ ದೂಡಿದರೆ, ಪಾಪವು ಯಾರ ಖಾತೆಗೆ ಜಮೆಯಾಗುವುದೆಂದು ಪ್ರತಿಯೊಂದು ಮನೆಯ ಹಿರಿಯರೂ ಆಲೋಚಿಸಲಿ.